ರೇಡಾರ್ ಬದಲಿಸುವ ಮೊದಲು ಅಳೆದದ್ದು: ಒಂದು ಎಸ್‌ಯುವಿಯ ಚಾಲಕ ಸಹಾಯ ವ್ಯವಸ್ಥೆಯ ದುರಸ್ತಿ ದಾಖಲೆ

ಬೆಂಗಳೂರಿನ ಪೀಣ್ಯದ ನಮ್ಮ ಕಾರ್ಯಾಗಾರಕ್ಕೆ ಬಂದ ಈ ಎಸ್‌ಯುವಿಯ ಮೇಲೆ ಮೂರು ದೂರುಗಳಿದ್ದವು. ಮುಂದಿನ ವಾಹನದ ಅಂತರಕ್ಕೆ ತಕ್ಕಂತೆ ವೇಗವನ್ನು ತಾನೇ ಹೊಂದಿಸಿಕೊಳ್ಳುವ ಅಡಾಪ್ಟಿವ್ ಕ್ರೂಸ್ ಹಾಕಿಕೊಂಡು ನೈಸ್ ರಸ್ತೆಯಲ್ಲಿ ಹೋಗುವಾಗ, ಎಡ ಲೇನಿನಲ್ಲಿ ಸಾಗುತ್ತಿರುವ ಲಾರಿಯನ್ನು ತನ್ನ ಮುಂದಿನ ವಾಹನವೆಂದು ಬಗೆದು ಕಾರು ಇದ್ದಕ್ಕಿದ್ದಂತೆ ಬ್ರೇಕ್ ಹಾಕುತ್ತಿತ್ತು. ಮಳೆ ಬಂದ ಮರುದಿನ ಬೆಳಿಗ್ಗೆ, ಮುಂದಿನ ಕ್ಯಾಮೆರಾ ತಾತ್ಕಾಲಿಕವಾಗಿ ಲಭ್ಯವಿಲ್ಲವೆಂಬ ಸೂಚನೆ ಮೂಡಿ, ಸ್ವಲ್ಪ ದೂರ ಸಾಗಿದ ಮೇಲೆ ತಾನಾಗಿಯೇ ಮಾಯವಾಗುತ್ತಿತ್ತು. ಚಾಲಕನಿಗೆ ಕಾಣದ ಮೂಲೆಯಲ್ಲಿ ವಾಹನವಿದ್ದರೆ ಎಚ್ಚರಿಸುವ, ಎಡಗನ್ನಡಿಯ ಬ್ಲೈಂಡ್ ಸ್ಪಾಟ್ ದೀಪವು ಪಕ್ಕದಲ್ಲಿ ಬಸ್ಸೇ ಬಂದರೂ ಹೊತ್ತಿಕೊಳ್ಳುತ್ತಿರಲಿಲ್ಲ. ಮಾಲೀಕರು ಮೊದಲು ತೋರಿಸಿದ್ದ ಬೇರೊಂದು ಕಡೆ, ಎದುರಿನ ವಾಹನಗಳನ್ನು ರೇಡಿಯೊ ಅಲೆಗಳಿಂದ ಗುರುತಿಸುವ ಮುಂದಿನ ರೇಡಾರನ್ನೇ ಬದಲಿಸಬೇಕೆಂದು ಹೇಳಿ ದೊಡ್ಡ ಮೊತ್ತದ ಅಂದಾಜು ಪಟ್ಟಿಯನ್ನು ಕೊಟ್ಟಿದ್ದರು.

ಚಾಲಕ ಸಹಾಯ ವ್ಯವಸ್ಥೆಯ ದುರಸ್ತಿಯಲ್ಲಿ, ಸೆನ್ಸರ್ ಕೆಟ್ಟಿದೆ ಎಂಬುದು ಎಲ್ಲ ಅಳತೆಗಳೂ ಮುಗಿದ ಮೇಲೆ ಬರಬೇಕಾದ ತೀರ್ಮಾನವೆಂದು ನಾನು ದೃಢವಾಗಿ ನಂಬಿದ್ದೇನೆ. ಸೆನ್ಸರ್ ಕುಳಿತಿರುವ ಬ್ರಾಕೆಟ್ಟು, ಅದರ ಮುಂದಿರುವ ಗಾಜು ಅಥವಾ ಪ್ಲಾಸ್ಟಿಕ್ಕು, ಅದಕ್ಕೆ ಬರುವ ವಿದ್ಯುತ್ತು, ಕಾರಿನ ನಾಲ್ಕು ಚಕ್ರಗಳು ನೋಡುತ್ತಿರುವ ದಿಕ್ಕು, ಇವುಗಳಲ್ಲಿ ಯಾವುದು ಕೆಟ್ಟರೂ ದೂರು ಸೆನ್ಸರಿನ ಹೆಸರಿನಲ್ಲಿಯೇ ಬರುತ್ತದೆ. ಹೊಸ ಸೆನ್ಸರನ್ನು ತಂದು ಬಾಗಿದ ಬ್ರಾಕೆಟ್ಟಿನ ಮೇಲೆಯೇ ಕೂರಿಸಿದರೆ, ಅದೂ ಹಳೆಯದು ನೋಡುತ್ತಿದ್ದ ಕಡೆಗೇ ನೋಡುತ್ತದೆ.

ಕಾರಿನ ದೋಷ ದಾಖಲೆಗಳನ್ನು ಓದುವ ಸ್ಕ್ಯಾನರ್ ಜೋಡಿಸುವುದಕ್ಕೆ ಮೊದಲು ಕಾರಿನ ಈಚಿನ ಚರಿತ್ರೆಯನ್ನು ಕೇಳಿ ತಿಳಿದುಕೊಳ್ಳುವುದು ನಮ್ಮ ಪದ್ಧತಿ.

"ಸರ್, ಈಚೆಗೆ ಎಲ್ಲಾದರೂ ಗುದ್ದಿತ್ತೆ?" ಎಂದು ಕೇಳಿದೆ.

"ಗುದ್ದಿದ್ದು ಅಂತ ಏನಿಲ್ಲ. ಗೊರಗುಂಟೆಪಾಳ್ಯದ ಹತ್ತಿರ ಒಂದು ಆಟೊ ಮುಂದೆ ಎಡಗಡೆ ತಗುಲಿತ್ತು, ಬಂಪರ್ ಮಾತ್ರ ಹೋಗಿತ್ತು. ಹಿಂದೆ ಬೇಸ್‌ಮೆಂಟಿನ ಕಂಬಕ್ಕೆ ಸ್ವಲ್ಪ ಉಜ್ಜಿತ್ತು, ಅದನ್ನೂ ಟಿಂಕರಿಂಗ್ ಮಾಡಿಸಿದ್ದೀನಿ" ಎಂದರು. ಕಲ್ಲು ಸಿಡಿದು ಮುಂದಿನ ಗಾಜು ಸೀಳಿದ್ದರಿಂದ ಅದನ್ನೂ ಬದಲಿಸಿದ್ದರು. ಮೂರು ಕೆಲಸಗಳೂ ಮೂರು ಬೇರೆ ಬೇರೆ ಕಡೆ ನಡೆದಿದ್ದವು. ಮೂರು ದೂರುಗಳಿಗೂ ಈ ಮೂರು ಕೆಲಸಗಳಿಗೂ ಸಂಬಂಧವಿರಬಹುದೆಂದು ಅಲ್ಲಿಯೇ ಬರೆದಿಟ್ಟುಕೊಂಡೆ, ಆದರೆ ಅದನ್ನು ಅಳತೆಯಿಂದ ಸಿದ್ಧಪಡಿಸಬೇಕಾಗಿತ್ತು.

ಇಗ್ನಿಷನ್ ಹಾಕಿಟ್ಟು ಬಹಳ ಹೊತ್ತು ಪರೀಕ್ಷಿಸುವಾಗ ಬ್ಯಾಟರಿಯ ವೋಲ್ಟೇಜ್ ಕುಸಿದು ಹೊಸ ದೋಷಗಳು ದಾಖಲಾಗುವುದುಂಟು. ಆದ್ದರಿಂದ ಬ್ಯಾಟರಿಗೆ ಸ್ಥಿರವಾದ ವಿದ್ಯುತ್ ಪೂರೈಕೆಯನ್ನು ಜೋಡಿಸಿ, ಅನಂತರ ಎಲ್ಲ ಕಂಟ್ರೋಲ್ ಯೂನಿಟ್‌ಗಳ, ಅಂದರೆ ಕಾರಿನ ಭಾಗಗಳನ್ನು ನಡೆಸುವ ಪುಟ್ಟ ಕಂಪ್ಯೂಟರುಗಳ, ದೋಷ ಸಂಕೇತಗಳನ್ನು ಓದಿ, ಒಂದನ್ನೂ ಅಳಿಸದೆ ಉಳಿಸಿಕೊಂಡೆವು. ಸಂಕೇತದ ಮೊದಲ ಅಕ್ಷರವೇ ಅರ್ಧ ವಿಷಯವನ್ನು ಹೇಳುತ್ತದೆ: ಪಿ ಎಂದರೆ ಎಂಜಿನ್ ಮತ್ತು ಗೇರ್, ಸಿ ಎಂದರೆ ಚಾಸಿ, ಬಿ ಎಂದರೆ ಬಾಡಿ, ಯು ಎಂದರೆ ಯೂನಿಟ್‌ಗಳ ನಡುವಿನ ಸಂಪರ್ಕ ಜಾಲ. ಇಲ್ಲಿ ಸಿಕ್ಕಿದವುಗಳಲ್ಲಿ ಮುಖ್ಯವಾದವು ಇವು. ಮುಂದಿನ ರೇಡಾರಿನಲ್ಲಿ ಅಡ್ಡ ದಿಕ್ಕಿನ ಜೋಡಣೆ ಮಿತಿ ಮೀರಿದೆ ಎಂಬ, ಕಾರು ತಯಾರಕರದೇ ಆದ ಒಂದು ಸಂಕೇತವಿತ್ತು. ಮುಂದಿನ ದೂರಮಾಪಕ ಸೆನ್ಸರಿನೊಂದಿಗೆ, ಅಂದರೆ ಇದೇ ರೇಡಾರಿನೊಂದಿಗೆ, ಸಂಪರ್ಕ ತಪ್ಪಿದೆ ಎಂದು ಹೇಳುವ ಯು0235 ಬಂದುಹೋದ ದೋಷವಾಗಿ ದಾಖಲಾಗಿತ್ತು. ಎಡಗನ್ನಡಿಯ ದೀಪವನ್ನು ನಡೆಸುವ ಎಡ ಹಿಂಬದಿಯ ರೇಡಾರಿನಲ್ಲಿ ಸೆನ್ಸರಿನ ಮುಖ ಮುಚ್ಚಿಹೋಗಿದೆ ಎಂಬ ಸಂಕೇತವಿತ್ತು. ಕ್ಯಾಮೆರಾದಲ್ಲಿ ನೋಟ ಮಸುಕಾಗಿದೆ ಎಂಬುದನ್ನು ಬಿಟ್ಟರೆ ಬೇರೇನೂ ಇರಲಿಲ್ಲ, ಮತ್ತು ಗಾಜು ಬದಲಿಸಿದ ಮೇಲೆ ಅದರ ಕ್ಯಾಲಿಬ್ರೇಷನ್, ಅಂದರೆ ನೇರ ಯಾವುದೆಂದು ಅದಕ್ಕೆ ಕಲಿಸುವ ಹೊಂದಾಣಿಕೆ, ಯಶಸ್ವಿಯಾಗಿ ಮುಗಿದಿದ್ದ ದಾಖಲೆಯೂ ಯೂನಿಟ್ಟಿನಲ್ಲಿಯೇ ಇತ್ತು. ಈ ಕೊನೆಯ ಅಂಶ ಮುಂದೆ ಬಹಳ ಉಪಯೋಗಕ್ಕೆ ಬಂದಿತು.

ರೇಡಾರು ಮತ್ತು ಕ್ಯಾಮೆರಾ ಒಂದೇ ವಾಹನವನ್ನು ನೋಡುತ್ತಿರುವಾಗ, ಆ ವಾಹನ ನಮ್ಮ ನಡುಗೆರೆಯಿಂದ ಎಷ್ಟು ಪಕ್ಕಕ್ಕಿದೆ ಎಂಬುದನ್ನು ಎರಡೂ ಬೇರೆ ಬೇರೆಯಾಗಿ ಲೆಕ್ಕ ಹಾಕುತ್ತವೆ. ಸ್ಕ್ಯಾನರಿನಲ್ಲಿ ಈ ಎರಡು ಅಂಕಿಗಳನ್ನೂ ಅಕ್ಕಪಕ್ಕ ಇಟ್ಟು ನೋಡುವುದು ನನಗೆ ಗೊತ್ತಿರುವ ಅತ್ಯುತ್ತಮ ಪರೀಕ್ಷೆ. ವ್ಯತ್ಯಾಸವು ದೂರದೊಂದಿಗೆ ಬೆಳೆಯುತ್ತಾ ಹೋದರೆ ಯಾವುದೋ ಒಂದು ಸೆನ್ಸರಿನ ಕೋನ ತಪ್ಪಿದೆ ಎಂದರ್ಥ. ದೂರ ಎಷ್ಟೇ ಇದ್ದರೂ ವ್ಯತ್ಯಾಸ ಒಂದೇ ಆಗಿದ್ದರೆ, ಸೆನ್ಸರಿನ ಸ್ಥಾನವನ್ನು ತಂತ್ರಾಂಶದಲ್ಲಿ ತಪ್ಪಾಗಿ ನಮೂದಿಸಿರುವ ಸಾಧ್ಯತೆ ಹೆಚ್ಚು. ನಸುಕಿನಲ್ಲಿ, ಸಂಚಾರ ವಿರಳವಾಗಿರುವಾಗ, ಮಾಗಡಿ ರಸ್ತೆಯ ಕಡೆಯಿಂದ ನೈಸ್ ರಸ್ತೆಗೆ ಹತ್ತಿ, ನಮ್ಮವರೊಬ್ಬರ ಕಾರನ್ನು ಮುಂದೆ ಬಿಟ್ಟುಕೊಂಡು ನೇರವಾದ ಭಾಗಗಳಲ್ಲಿ ಹಿಂಬಾಲಿಸಿದೆವು. ಚಾಲನೆ ನನ್ನದು, ಅಂಕಿಗಳನ್ನು ದಾಖಲಿಸುವ ಕೆಲಸ ಪಕ್ಕದಲ್ಲಿ ಕುಳಿತ ಸಹಾಯಕನದು. ಮುಂದಿನ ಕಾರು 20 ಮೀಟರ್ ದೂರದಲ್ಲಿದ್ದಾಗ ರೇಡಾರು ಅದನ್ನು ಕ್ಯಾಮೆರಾ ತೋರಿಸಿದ್ದಕ್ಕಿಂತ ಸುಮಾರು ಅರ್ಧ ಮೀಟರ್ ಬಲಕ್ಕೆ ತೋರಿಸಿತು. 40 ಮೀಟರಿನಲ್ಲಿ ಆ ಅಂತರ ಒಂದು ಮೀಟರ್ ಆಯಿತು, 60 ಮೀಟರಿನಲ್ಲಿ ಸುಮಾರು ಒಂದೂವರೆ ಮೀಟರ್. ಲೆಕ್ಕ ಹಾಕಿದರೆ ಇದು 1.4 ಡಿಗ್ರಿಯ ಕೋನದೋಷ.

ಈ ಅಂಕಿಯನ್ನು ದೂರಿನೊಂದಿಗೆ ಹೊಂದಿಸಿ ನೋಡೋಣ. ಲೇನಿನ ಅಗಲ ಮೂರೂವರೆ ಮೀಟರ್ ಮತ್ತು ಲಾರಿಯ ಅಗಲ ಎರಡೂವರೆ ಮೀಟರ್ ಎಂದುಕೊಂಡರೆ, ಎಡ ಲೇನಿನ ನಡುವೆ ಸಾಗುವ ಲಾರಿಯ ಬಲ ಅಂಚು ನಮ್ಮ ನಡುಗೆರೆಯಿಂದ 2.25 ಮೀಟರ್ ಎಡಕ್ಕಿರುತ್ತದೆ. ಅದು 60 ಮೀಟರ್ ಮುಂದಿರುವಾಗ, ಒಂದೂವರೆ ಮೀಟರ್ ಬಲಕ್ಕೆ ಸರಿದಂತೆ ರೇಡಾರಿಗೆ ಕಂಡರೆ, ಅದರ ಅಂಚು ನಡುಗೆರೆಯಿಂದ ಮುಕ್ಕಾಲು ಮೀಟರಿನಷ್ಟು ಹತ್ತಿರಕ್ಕೆ, ಅಂದರೆ ನಮ್ಮ ಲೇನಿನ ಒಳಕ್ಕೇ ಬಂದಂತಾಗುತ್ತದೆ. ಕಾರು ಬ್ರೇಕ್ ಹಾಕಿದ್ದು ತನಗೆ ಬಂದ ಮಾಹಿತಿಯ ಮಟ್ಟಿಗೆ ಸರಿಯಾಗಿಯೇ ಇತ್ತು.

ಆದರೆ ಇಬ್ಬರು ಸಾಕ್ಷಿಗಳು ಬೇರೆ ಬೇರೆ ಮಾತು ಹೇಳಿದಾಗ ಯಾರ ಮಾತು ಸರಿ ಎಂಬುದನ್ನು ಅವರಿಂದಲೇ ತಿಳಿಯಲಾಗದು. ಮೂರನೆಯ ಸಾಕ್ಷಿ ಬೇಕು. ಅದಕ್ಕಾಗಿ ಕಾರ್ಯಾಗಾರದ ನೆಲದ ಮೇಲೆಯೇ ಕಾರಿನ ನಡುಗೆರೆಯನ್ನು ಎಳೆದೆವು. ಗಾರೆ ಕೆಲಸದವರು ಬಳಸುವ ತೂಕದ ಗುಂಡನ್ನು ನಾಲ್ಕು ಚಕ್ರಗಳಲ್ಲಿ ಒಂದೊಂದರ ನಡುಬಿಂದುವಿನಿಂದಲೂ ಇಳಿಬಿಟ್ಟು ನೆಲದ ಮೇಲೆ ಗುರುತು ಮಾಡಿ, ಮುಂದಿನ ಜೋಡಿಯ ಮಧ್ಯವನ್ನೂ ಹಿಂದಿನ ಜೋಡಿಯ ಮಧ್ಯವನ್ನೂ ಸೇರಿಸುವ ದಾರವನ್ನು ಕಾರಿನ ಮುಂದಕ್ಕೆ ಎಳೆದು ಕಟ್ಟಿದೆವು. ಲೇಸರ್ ಉಪಕರಣ ನಮ್ಮಲ್ಲಿದೆ. ಆದರೂ ಅದರ ಗೆರೆಯನ್ನು ದಾರದೊಂದಿಗೆ ಒಮ್ಮೆ ತಾಳೆ ನೋಡದೆ ನಾನು ಮುಂದುವರಿಯುವುದಿಲ್ಲ. ರೇಡಾರಿನಿಂದ 8 ಮೀಟರ್ ದೂರದಲ್ಲಿ, ದಾರದ ನೇರಕ್ಕೆ ಸರಿಯಾಗಿ, ಒಂದು ಮೂಲೆ ಪ್ರತಿಫಲಕವನ್ನು ಇಟ್ಟೆವು.

ಮೂಲೆ ಪ್ರತಿಫಲಕ ಎಂದರೆ ಮೂರು ತ್ರಿಕೋನ ಲೋಹದ ಹಾಳೆಗಳನ್ನು ಒಂದಕ್ಕೊಂದು ಲಂಬವಾಗಿ ಸೇರಿಸಿ ಮಾಡಿದ ಗೂಡು. ಅದರ ಒಳಕ್ಕೆ ಬಿದ್ದ ಅಲೆ ಮೂರೂ ಹಾಳೆಗಳಿಗೆ ತಗುಲಿ, ಬಂದ ದಿಕ್ಕಿಗೇ ಮರಳುತ್ತದೆ. ಈ ರೇಡಾರು ಬಿಡುವ 77 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 3.9 ಮಿಲಿಮೀಟರ್ ಮಾತ್ರವಾದ್ದರಿಂದ, ಒಳ ಅಂಚುಗಳು 10 ಸೆಂಟಿಮೀಟರ್ ಇರುವ ಪುಟ್ಟ ಪ್ರತಿಫಲಕವೂ ರೇಡಾರಿಗೆ 27 ಚದರ ಮೀಟರಿನಷ್ಟು ದೊಡ್ಡದಾಗಿ ಕಾಣುತ್ತದೆ. ಅದನ್ನು ಹಿಡಿದ ಮನುಷ್ಯನ ಪ್ರತಿಧ್ವನಿ ಅದರ ಮುಂದೆ ತೀರ ಕ್ಷೀಣ. ನಮ್ಮದನ್ನು ಪೀಣ್ಯದ ಶೀಟ್ ಮೆಟಲ್ ಅಂಗಡಿಯೊಂದರಲ್ಲಿ ಅಲ್ಯೂಮಿನಿಯಂ ಹಾಳೆಯಿಂದ ಮಾಡಿಸಿದ್ದೇವೆ. ನಿಂತ ವಸ್ತುಗಳನ್ನು ರೇಡಾರಿನ ತಂತ್ರಾಂಶವು ಹಲವು ಸಲ ಬದಿಗಿಡುವುದರಿಂದ, ಸಹಾಯಕನು ಪ್ರತಿಫಲಕವನ್ನು ದಾರದ ಗುಂಟ ನಿಧಾನವಾಗಿ ಹಿಂದಕ್ಕೂ ಮುಂದಕ್ಕೂ ಸರಿಸುತ್ತಾ ಹೋದನು. ದಾರದ ಮೇಲಿದ್ದ ಪ್ರತಿಫಲಕವನ್ನು ರೇಡಾರು 8 ಮೀಟರಿನಲ್ಲಿ 16 ಸೆಂಟಿಮೀಟರ್ ಬಲಕ್ಕೆ ತೋರಿಸಿತು. ಅಂದರೆ ರೇಡಾರಿನ ಮುಖವೇ ಎಡಕ್ಕೆ ತಿರುಗಿತ್ತು, ಆದರೆ 1.1 ಡಿಗ್ರಿಯಷ್ಟು ಮಾತ್ರ. ರಸ್ತೆಯಲ್ಲಿ 1.4, ಕಾರ್ಯಾಗಾರದಲ್ಲಿ 1.1. ನಡುವಿನ 0.3 ಡಿಗ್ರಿ ಎಲ್ಲಿಂದ ಬಂದಿತು ಎಂಬುದೇ ಈ ದುರಸ್ತಿಯ ತಿರುಳು.

ಕಾರ್ಯಾಗಾರದಲ್ಲಿ ನಾವು ಅಳೆದದ್ದು ಕಾರಿನ ದೇಹದ ನಡುಗೆರೆಗೆ ಹೋಲಿಸಿದ ಕೋನವನ್ನು. ಆದರೆ ರಸ್ತೆಯಲ್ಲಿ ಹೋಲಿಸಿದ್ದು ಕ್ಯಾಮೆರಾದೊಂದಿಗೆ, ಮತ್ತು ಯಶಸ್ವಿಯಾಗಿ ಕ್ಯಾಲಿಬ್ರೇಷನ್ ಆಗಿದ್ದ ಆ ಕ್ಯಾಮೆರಾ ಕಾರು ಸಾಗುವ ದಿಕ್ಕನ್ನೇ ನೇರವೆಂದು ಕಲಿತಿತ್ತು. ಆ ದಿಕ್ಕನ್ನು ನಿರ್ಧರಿಸುವುದು ಹಿಂದಿನ ಚಕ್ರಗಳು. ಹಿಂದಿನ ಎರಡು ಚಕ್ರಗಳ ಟೋ, ಅಂದರೆ ಮೇಲಿನಿಂದ ನೋಡಿದಾಗ ಅವು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ಸಮನಾಗಿಲ್ಲದಿದ್ದರೆ ಕಾರು ತನ್ನ ಮೂಗಿನ ನೇರಕ್ಕೆ ಸಾಗದೆ ಸ್ವಲ್ಪ ಓರೆಯಾಗಿ ಸಾಗುತ್ತದೆ. ಆ ಓರೆಗೆ ಥ್ರಸ್ಟ್ ಕೋನವೆಂದು ಹೆಸರು. ವೀಲ್ ಅಲೈನ್‌ಮೆಂಟ್ ಯಂತ್ರದ ಮೇಲೆ ನಾಲ್ಕು ಚಕ್ರಗಳನ್ನೂ ಅಳೆದಾಗ ಥ್ರಸ್ಟ್ ಕೋನ 0.3 ಡಿಗ್ರಿ ಬಂದಿತು, ಅದೂ ಕಾರಿನ ಮೂಗು ಸಾಗುವ ದಿಕ್ಕಿಗಿಂತ ಎಡಕ್ಕಿರುವಂತೆ. ನೇರವಾಗಿ ಸಾಗುವಾಗ ಸ್ಟಿಯರಿಂಗ್ ನಾಲ್ಕೈದು ಡಿಗ್ರಿ ತಿರುಗಿಯೇ ಇರುತ್ತಿದ್ದುದಕ್ಕೂ ಇದೇ ಕಾರಣ: ಸ್ಟಿಯರಿಂಗ್ ಅನುಪಾತ 15ಕ್ಕೆ 1 ಎಂದಾದರೆ, 0.3 ಡಿಗ್ರಿಯನ್ನು ಸರಿದೂಗಿಸಲು ಮುಂದಿನ ಚಕ್ರಗಳನ್ನು ತಿರುಗಿಸಬೇಕಾದ ಚಾಲಕನ ಕೈ 4.5 ಡಿಗ್ರಿ ತಿರುಗಬೇಕಾಗುತ್ತದೆ. ಅಂಕಿಗಳು ಹೀಗೆ ಒಂದನ್ನೊಂದು ಸಮರ್ಥಿಸಿದಾಗಲೇ ನಾನು ಪಾನಾ ಕೈಗೆತ್ತಿಕೊಳ್ಳುವುದು. ನಗರದ ಎಷ್ಟೋ ಕಡೆ ಅಲೈನ್‌ಮೆಂಟ್ ಎಂದರೆ ಮುಂದಿನ ಎರಡು ಚಕ್ರಗಳನ್ನು ಮಾತ್ರ ಸರಿಪಡಿಸಿ ಕಳುಹಿಸುವ ರೂಢಿಯಿದೆ. ಚಾಲಕ ಸಹಾಯ ವ್ಯವಸ್ಥೆಯಿರುವ ಕಾರಿಗೆ ಅದು ಸಾಲದು.

ಇಂಥ ಸಣ್ಣ ಕೋನದೋಷವನ್ನು ರೇಡಾರು ತಾನೇ ತಿದ್ದಿಕೊಳ್ಳಬಲ್ಲದಲ್ಲವೇ ಎಂದು ಮಾಲೀಕರು ಕೇಳಿದರು. ತಿದ್ದಿಕೊಳ್ಳುತ್ತದೆ, ಮತ್ತು ಅದರ ವಿಧಾನ ಬಹಳ ಸೊಗಸಾದದ್ದು. ಕಾರು ನೇರವಾಗಿ ಸಾಗುವಾಗ ರಸ್ತೆ ಬದಿಯ ನಿಂತ ಕಂಬವೊಂದು ರೇಡಾರಿಗೆ ಸಮೀಪಿಸುವ ವೇಗವು, ಕಾರಿನ ವೇಗವನ್ನು ಕಂಬವಿರುವ ಕೋನದ ಕೊಸೈನ್‌ನಿಂದ ಗುಣಿಸಿದಷ್ಟಿರುತ್ತದೆ. ಚಲನೆಗೆ ತಕ್ಕಂತೆ ಮರಳುವ ಅಲೆಯ ಆವರ್ತನ ಬದಲಾಗುವ ಡಾಪ್ಲರ್ ಪರಿಣಾಮದಿಂದ ಆ ವೇಗವನ್ನು ನಿಖರವಾಗಿ ಅಳೆಯಬಹುದಾದ್ದರಿಂದ, ಕಂಬದ ನಿಜವಾದ ಕೋನವನ್ನು ಲೆಕ್ಕ ಹಾಕಿ, ತನ್ನ ಆಂಟೆನಾ ಹೇಳುವ ಕೋನದೊಂದಿಗೆ ಹೋಲಿಸಿ, ವ್ಯತ್ಯಾಸವನ್ನು ರೇಡಾರು ಕಲಿತುಕೊಳ್ಳುತ್ತದೆ. ಆದರೆ ಈ ತಿದ್ದುಪಡಿಗೆ ತಯಾರಕರು ಒಂದು ಮಿತಿಯನ್ನು ಇಟ್ಟಿರುತ್ತಾರೆ. ಈ ಕಾರಿನ 1.4 ಡಿಗ್ರಿ ಆ ಮಿತಿಯ ಆಚೆಗಿತ್ತು.

ಬಂಪರನ್ನು ಬಿಚ್ಚಿದಾಗ ಉಳಿದದ್ದು ಕಣ್ಣಿಗೇ ಕಂಡಿತು. ಆಟೊ ತಗುಲಿದ ಎಡಬದಿಯಲ್ಲಿ ರೇಡಾರಿನ ಬ್ರಾಕೆಟ್ಟು 2 ಮಿಲಿಮೀಟರ್ ಹಿಂದಕ್ಕೆ ಬಾಗಿತ್ತು. ಬ್ರಾಕೆಟ್ಟಿನ ಎರಡು ಹಿಡಿಕೆಗಳ ನಡುವಿನ ಅಂತರ 10 ಸೆಂಟಿಮೀಟರ್. ಆ ಅಂತರದಲ್ಲಿ 2 ಮಿಲಿಮೀಟರ್ ಎಂದರೆ 1.1 ಡಿಗ್ರಿಯೇ. ಬಾಗಿದ ಬ್ರಾಕೆಟ್ಟನ್ನು ಬಡಿದು ನೇರ ಮಾಡಲು ನಾನು ಒಪ್ಪುವುದಿಲ್ಲ, ಏಕೆಂದರೆ ಒಮ್ಮೆ ಬಾಗಿದ ಲೋಹ ಕಂಪನಕ್ಕೆ ಮತ್ತೆ ಜಾಗ ಬಿಟ್ಟು ಸರಿಯಬಹುದು. ಹೊಸ ಬ್ರಾಕೆಟ್ಟು ತರಿಸಿದೆವು. ರೇಡಾರಿನ ಬೆಲೆಗೆ ಹೋಲಿಸಿದರೆ ಅದರ ಬೆಲೆ ಏನೂ ಅಲ್ಲ.

ಯು0235 ಇನ್ನೂ ಬಾಕಿಯಿತ್ತು. ಸ್ಕ್ಯಾನರ್ ಜೋಡಿಸುವ ಓಬಿಡಿ ಕನೆಕ್ಟರಿನ 6 ಮತ್ತು 14ನೆಯ ಪಿನ್ನುಗಳ ನಡುವೆ 60 ಓಮ್ ಬಂದರೆ ಯೂನಿಟ್‌ಗಳನ್ನು ಬೆಸೆಯುವ ಎರಡು ತಂತಿಯ ಕ್ಯಾನ್ ಜಾಲ ಸರಿಯಿದೆ ಎಂದು ಹಲವರು ಅಲ್ಲಿಗೇ ನಿಲ್ಲಿಸುತ್ತಾರೆ. ಜಾಲಗಳ ನಡುವೆ ಮಾಹಿತಿಯನ್ನು ದಾಟಿಸುವ ಗೇಟ್‌ವೇ ಯೂನಿಟ್ ಇರುವ ಈಗಿನ ಕಾರುಗಳಲ್ಲಿ ಆ ಪಿನ್ನುಗಳು ಗೇಟ್‌ವೇವರೆಗಿನ ತಂತಿಯನ್ನು ಮಾತ್ರ ತೋರಿಸುತ್ತವೆ, ರೇಡಾರಿನ ಜಾಲ ಅದರ ಆಚೆಗಿರುತ್ತದೆ. ಬ್ಯಾಟರಿಯನ್ನು ಕಳಚಿ, ರೇಡಾರಿಗೆ ತಂತಿಗಳು ಸೇರುವ ಕಪ್ಲರಿನಲ್ಲಿಯೇ ಅಳೆದಾಗ ಅಲ್ಲಿಯೂ 60 ಓಮ್ ಇತ್ತು. ಆದರೆ ಎಡ ಹೆಡ್‌ಲೈಟಿನ ಕೆಳಗಿನ ವೈರಿಂಗನ್ನು ಕೈಯಲ್ಲಿ ಅಲುಗಿಸಿದಾಗ ಅದು 120ಕ್ಕೆ ಏರಿತು. ಜಾಲದ ಎರಡು ತುದಿಗಳಲ್ಲಿ ತಲಾ 120 ಓಮಿನ ರೆಸಿಸ್ಟರ್ ಇದ್ದು, ಎರಡೂ ಸೇರಿದಾಗ 60 ಬರುತ್ತದೆ. 120 ಬಂದಿತೆಂದರೆ ಒಂದು ತುದಿ ಕಳಚಿಕೊಂಡಿದೆ ಎಂದರ್ಥ. ಅಲ್ಲಿದ್ದ ಕಪ್ಲರನ್ನು ಬಿಚ್ಚಿದರೆ, ಬಂಪರ್ ಮರಳಿ ಕೂರಿಸಿದಾಗ ರಬ್ಬರ್ ಸೀಲ್ ಹಾಕದೆ ಬಿಟ್ಟಿದ್ದರಿಂದ ನೀರು ಹೊಕ್ಕು, ಪಿನ್ನುಗಳು ಹಸಿರುಗಟ್ಟಿದ್ದವು. ಅದೇ ಕಪ್ಲರಿನ ಮೂಲಕ ಹೋಗುವ ಅರ್ತ್ ತಂತಿಯನ್ನು ಮಲ್ಟಿಮೀಟರಿನ ಓಮ್ ಸ್ಥಾನದಲ್ಲಿ ಅಳೆದಾಗ ದೋಷವೇನೂ ಕಾಣಲಿಲ್ಲ, ಏಕೆಂದರೆ ಆ ಅಳತೆಯಲ್ಲಿ ಹರಿಯುವ ಕರೆಂಟು ತೀರ ಅಲ್ಪ. 55 ವಾಟಿನ ಹೆಡ್‌ಲೈಟ್ ಬಲ್ಬನ್ನು ಹೊರೆಯಾಗಿ ಜೋಡಿಸಿ ಅದೇ ತಂತಿಯ ಎರಡು ತುದಿಗಳ ನಡುವಿನ ವೋಲ್ಟೇಜನ್ನು ಅಳೆದಾಗ 0.6 ವೋಲ್ಟ್ ಅಲ್ಲಿಯೇ ಕಳೆದುಹೋಗುತ್ತಿತ್ತು. ಅರ್ತ್ ಪರೀಕ್ಷೆಯನ್ನು ಹೊರೆಯಿಲ್ಲದೆ ಮಾಡಬಾರದು. ಪಿನ್ನುಗಳ ಆ ಹಸಿರು ಕಿಲುಬು ತಂತಿಯೊಳಗೂ ಹಬ್ಬಿತ್ತು. ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ, ಹೊಸ ಪಿನ್ನುಗಳನ್ನು ಕ್ರಿಂಪ್ ಮಾಡಿ, ಕ್ಯಾನ್ ಜೋಡಿಯ ಹೊಸೆತವನ್ನು ಕಪ್ಲರಿನ ಬಾಯಿಯವರೆಗೂ ಉಳಿಸಿಕೊಂಡು, ಸೀಲ್ ಸಮೇತ ಹೊಸ ಕಪ್ಲರನ್ನು ಕೂರಿಸಿದೆವು.

ಕ್ಯಾಮೆರಾದ ದೂರು ಇದಕ್ಕಿಂತ ಬೇಗ ಬಗೆಹರಿಯಿತು. ಅದರ ಪ್ಲಾಸ್ಟಿಕ್ ಮುಚ್ಚಳವನ್ನು ತೆಗೆದು ಟಾರ್ಚನ್ನು ಓರೆಯಾಗಿ ಹಿಡಿದಾಗ ಗಾಜಿನ ಒಳಮೈಯಲ್ಲಿ ತೆಳುವಾದ ಜಿಡ್ಡಿನ ಪೊರೆ ಕಾಣಿಸಿತು. ಇಂಥ ಪೊರೆಯ ಮೇಲೆ ತೇವ ಬಹುಬೇಗ ಮಂಜುಗಟ್ಟುತ್ತದೆ. ಮಳೆಯ ಮರುದಿನದ ದೂರಿಗೆ ಅದು ತಕ್ಕ ವಿವರಣೆ. ಜೊತೆಗೆ, ಗಾಜು ಬದಲಿಸಿದ ಮೇಲೆ ಅಂಟಿಸಿದ ಹೊಸ ಫಾಸ್ಟ್ಯಾಗಿನ ಒಂದು ಅಂಚು ಕ್ಯಾಮೆರಾದ ನೋಟದೊಳಕ್ಕೆ ಚಾಚಿತ್ತು. ಕನ್ನಡಿಯ ಹಿಂದೆ ನಡುವಿನಲ್ಲಿ ಅಂಟಿಸಬೇಕೆಂಬ ಸೂಚನೆಯನ್ನು ಪಾಲಿಸಿದವರ ಕಾರುಗಳಲ್ಲಿಯೇ ಇದು ಹೆಚ್ಚಾಗಿ ಕಾಣುತ್ತದೆ, ಏಕೆಂದರೆ ಕ್ಯಾಮೆರಾವೂ ಅಲ್ಲಿಯೇ ಇರುತ್ತದೆ. ಫಾಸ್ಟ್ಯಾಗನ್ನು ಕಿತ್ತರೆ ಅದು ಕೆಡುವುದರಿಂದ ಮಾಲೀಕರು ಬ್ಯಾಂಕಿನಿಂದ ಬದಲಿ ತರಿಸಿಕೊಂಡರು. ಗಾಜನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ, ನೂಲು ಬಿಡದ ಬಟ್ಟೆಯಲ್ಲಿ ಒರೆಸಿದೆವು.

ಎಡ ಹಿಂಬದಿಯ ರೇಡಾರಿನ ಮುಂದೆ ಏನೂ ಅಂಟಿರಲಿಲ್ಲ, ಆದರೂ ಮುಖ ಮುಚ್ಚಿದೆ ಎಂದು ಅದು ಹೇಳುತ್ತಿತ್ತು. ಬಂಪರಿನ ಹೊದಿಕೆಯನ್ನು ಕಳಚಿಟ್ಟು ಅದೇ ಪ್ರತಿಫಲಕವನ್ನು ಹಿಡಿದಾಗ ರೇಡಾರು ಅದನ್ನು ಸ್ಪಷ್ಟವಾಗಿ ಕಂಡಿತು. ಹೊದಿಕೆಯನ್ನು ಮುಂದೆ ಹಿಡಿದೊಡನೆ ಕಾಣದಾಯಿತು. ಬಲಬದಿಯಲ್ಲಿ ಹೀಗಾಗಲಿಲ್ಲ. ಕಂಬಕ್ಕೆ ಉಜ್ಜಿದ ಜಾಗದಲ್ಲಿ ಪುಟ್ಟಿ ತುಂಬಿ, ಅದರ ಮೇಲೆ ಲೋಹದ ಹೊಳಪಿನ ಬಣ್ಣವನ್ನು ಪದರ ಪದರವಾಗಿ ಹೊಡೆದಿದ್ದರು. ಬಂಪರಿನ ಪಾಲಿಪ್ರೊಪಿಲೀನ್ ಒಳಗೆ 77 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 2.6 ಮಿಲಿಮೀಟರಿಗೆ ಇಳಿಯುತ್ತದೆ. ಪ್ಲಾಸ್ಟಿಕ್ಕಿನ ದಪ್ಪ ಅದರ ಅರ್ಧದ ಪೂರ್ಣ ಮಡಿಗಳಷ್ಟಿದ್ದಾಗ ಮುಂದಿನ ಮತ್ತು ಹಿಂದಿನ ಮೈಗಳಿಂದ ಮರಳುವ ಅಲೆಗಳು ಒಂದನ್ನೊಂದು ಅಳಿಸಿಹಾಕಿ, ಬಹುಪಾಲು ಶಕ್ತಿ ಹೊರಕ್ಕೆ ಹೋಗುತ್ತದೆ. ಆ ಲೆಕ್ಕದಲ್ಲಿ ಒಂದು ಮಿಲಿಮೀಟರ್ ಪುಟ್ಟಿಯೂ ದೊಡ್ಡ ತಡೆಯೇ, ಅದರ ಮೇಲೆ ಲೋಹದ ಕಣಗಳಿರುವ ಬಣ್ಣ ಬೇರೆ. ಇದಕ್ಕೆ ಕ್ಯಾಲಿಬ್ರೇಷನ್ ಪರಿಹಾರವಲ್ಲ. ಹೊಸ ಹೊದಿಕೆಯೇ ಬೇಕು ಎಂದು ಬರೆದುಕೊಟ್ಟೆ. ಪಾರ್ಕಿಂಗ್ ಸೆನ್ಸರುಗಳೆಲ್ಲ ಸರಿಯಾಗಿದ್ದವು.

ಕ್ಯಾಲಿಬ್ರೇಷನ್ ಸರದಿಯಲ್ಲಿಯೇ ನಡೆಯಬೇಕು. ಟೈರುಗಳ ಗಾಳಿ ಸರಿಪಡಿಸಿ, ಡಿಕ್ಕಿಯ ಸಾಮಾನನ್ನೆಲ್ಲ ತೆಗೆದು, ಹಿಂದಿನ ಟೋ ಹೊಂದಿಸಿ ಥ್ರಸ್ಟ್ ಕೋನವನ್ನು ಸೊನ್ನೆಗೆ ತಂದು, ಅನಂತರ ಮುಂದಿನ ಟೋ, ಅನಂತರ ಸ್ಟಿಯರಿಂಗ್ ಕೋನದ ಸೊನ್ನೆ, ಆಮೇಲೆ ರೇಡಾರು, ಕೊನೆಗೆ ಕ್ಯಾಮೆರಾ. ಜಾಗದ ಅಭಾವ ಬೆಂಗಳೂರಿನಲ್ಲಿ ಈ ಕೆಲಸದ ದೊಡ್ಡ ತೊಡಕು. ಕಾರಿನ ಮುಂದೆ ಹಲವು ಮೀಟರ್ ಖಾಲಿ ಜಾಗವೂ ಮಟ್ಟವಾದ ನೆಲವೂ ಬೇಕು. 30–40ರ ನಿವೇಶನದ ಗ್ಯಾರೇಜಿನಲ್ಲಿ ಅದು ಅಸಾಧ್ಯ. ನಮ್ಮ ನೆಲದ ಮಟ್ಟವನ್ನು ನೀರು ತುಂಬಿದ ಪಾರದರ್ಶಕ ಪೈಪಿನಿಂದ ನೋಡಿ, ತಗ್ಗಿರುವ ಕಡೆ ಚಕ್ರಗಳ ಕೆಳಗೆ ತಗಡಿನ ತಟ್ಟೆಗಳನ್ನು ಇಟ್ಟು ಸರಿದೂಗಿಸಿದೆವು. ರೇಡಾರಿನ ಮೇಲುಕೆಳಗಿನ ಬಾಗುವಿಕೆಯನ್ನೂ ಇನ್‌ಕ್ಲಿನೋಮೀಟರ್ ಇಟ್ಟು ಸ್ಕ್ರೂ ತಿರುಗಿಸಿ ಹೊಂದಿಸಿದೆವು. ಮುಖ ಮೇಲಕ್ಕೆ ಬಾಗಿದ್ದರೆ ಅಡ್ಡಲಾಗಿ ಸಾಗುವ ಮೆಟ್ರೊ ಸೇತುವೆಯೂ, ಕೆಳಕ್ಕೆ ಬಾಗಿದ್ದರೆ ಮೇಲ್ಸೇತುವೆಯ ಕಬ್ಬಿಣದ ಜೋಡುಪಟ್ಟಿಯೂ ಅಡ್ಡಿಯೆಂದು ಕಾಣುವ ಅಪಾಯವಿದೆ.

ಕ್ಯಾಮೆರಾದ ಕಲಿಕೆಗೆ ಎರಡೂ ಬದಿಯ ಲೇನ್ ಗೆರೆಗಳು ಸ್ಪಷ್ಟವಾಗಿರುವ ರಸ್ತೆಯಲ್ಲಿ ಸಮನಾದ ವೇಗದಲ್ಲಿ ಸಾಗಬೇಕು. ಅದಕ್ಕೂ ನೈಸ್ ರಸ್ತೆಯ ನಸುಕನ್ನೇ ಆರಿಸಿಕೊಂಡೆವು. ಮುಂದೆ ನಮ್ಮವರದೇ ಕಾರನ್ನು ಬಿಟ್ಟುಕೊಂಡು ಮೊದಲಿನ ಹೋಲಿಕೆಯನ್ನು ಮತ್ತೆ ಮಾಡಿದಾಗ, 60 ಮೀಟರಿನಲ್ಲಿ ರೇಡಾರಿಗೂ ಕ್ಯಾಮೆರಾಗೂ ನಡುವಿನ ಅಂತರ ಒಂದು ಗೇಣಿಗೂ ಕಡಿಮೆಯಿತ್ತು, ಮತ್ತು ಅದು ದೂರದೊಂದಿಗೆ ಬೆಳೆಯುತ್ತಿರಲಿಲ್ಲ. ಎಡ ಲೇನಿನ ಲಾರಿಗಳನ್ನು ದಾಟುವಾಗ ಬ್ರೇಕ್ ಬೀಳಲಿಲ್ಲ.

ಕಾರನ್ನು ಒಪ್ಪಿಸುವಾಗ ಮಾಲೀಕರಿಗೆ ಎರಡು ಸಂಗತಿಗಳನ್ನು ಬರೆದುಕೊಟ್ಟೆ, ಏಕೆಂದರೆ ಇವು ದೋಷಗಳೆಂದು ಮತ್ತೆ ಮತ್ತೆ ನಮ್ಮಲ್ಲಿಗೆ ಬರುತ್ತವೆ. ವೇಗವಾಗಿ ಸಾಗುವಾಗ ದೂರದಲ್ಲಿ ಕೆಟ್ಟು ನಿಂತ ಲಾರಿಗೆ ಕ್ರೂಸ್ ಬ್ರೇಕ್ ಹಾಕದೆ ಇರಬಹುದು. ನಿಂತ ವಸ್ತುಗಳನ್ನೆಲ್ಲ ಗಣಿಸಿದರೆ ಪ್ರತಿಯೊಂದು ಕಂಬಕ್ಕೂ ಫಲಕಕ್ಕೂ ಬ್ರೇಕ್ ಬೀಳುವುದರಿಂದ ಹಲವು ವ್ಯವಸ್ಥೆಗಳನ್ನು ಹಾಗೆಯೇ ರೂಪಿಸಿರುತ್ತಾರೆ, ಆದ್ದರಿಂದ ಕಾಲು ಬ್ರೇಕಿನ ಮೇಲೆ ಸಿದ್ಧವಾಗಿರಬೇಕು. ಡಿಸೆಂಬರ್ ಸಂಜೆ ಮೈಸೂರು ರಸ್ತೆಯಲ್ಲಿ ಊರಾಚೆಗೆ ಹೋಗುವಾಗ ನೈರುತ್ಯದ ಇಳಿಬಿಸಿಲು ನೇರವಾಗಿ ಕ್ಯಾಮೆರಾಕ್ಕೆ ಬಿದ್ದು ಅದು ಕೆಲಕಾಲ ಕೈಬಿಡಬಹುದು. ಹಿಂದಿನ ಬಂಪರಿನ ಹೊಸ ಹೊದಿಕೆಗೆ ಬಣ್ಣ ಹೊಡೆಯುವವರಿಗೆ, ರೇಡಾರಿನ ಮುಂದಿನ ಭಾಗದಲ್ಲಿ ಪುಟ್ಟಿ ಬೇಡ, ತಯಾರಕರು ಸೂಚಿಸಿದ್ದಕ್ಕಿಂತ ಹೆಚ್ಚು ಪದರ ಬೇಡ ಎಂದು ಹೊದಿಕೆಯ ಒಳಮೈಯಲ್ಲಿಯೇ ಗೆರೆ ಎಳೆದು ಗುರುತು ಮಾಡಿ ಕಳುಹಿಸಿದ್ದೇನೆ. ಅದು ಬಂದು ಕೂರುವವರೆಗೆ ಎಡಗನ್ನಡಿಯ ದೀಪವನ್ನು ನಂಬಬಾರದೆಂಬ ಚೀಟಿಯನ್ನು ಸ್ಟಿಯರಿಂಗ್ ಪಕ್ಕದಲ್ಲಿ ಅಂಟಿಸಿದ್ದೇವೆ.